ಜಾಕ್ ಎಂಬ ಗುಲಾಮ

ಪ್ರಿಯ ಯುವಮಿತ್ರರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. 1850ರ ಲಂಡನ್ನಿನ ಸಿರಿವಂತ ಯಜಮಾನನಿಗೆ ಜಾಕ್ ಎಂದು ಹೆಸರಿಟ್ಟು, ಅದು ಚಿಕ್ಕದು, ಓದುಗರ ನಾಲಿಗೆಗೆ ಸುಲಭ ಎಂದು ಕಾರಣ ಕೊಟ್ಟಿದ್ದೀರಿ. ನನ್ನ ತಕರಾರು ಅಲ್ಲಿಂದಲೇ ಶುರು.

ಜಾಕ್ ಎಂಬುದು ಜಾನ್ ಎಂಬ ಹೆಸರಿನ ಸಲುಗೆಯ ರೂಪ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಾನ್‌ಗಳು ಎಷ್ಟೊಂದು ಇದ್ದರೆಂದರೆ, ನಮ್ಮಲ್ಲಿ ತಿಮ್ಮ, ಬೋರ ಎಂದಂತೆ, ಜಾಕ್ ಎಂದರೆ ಯಾವನೋ ಒಬ್ಬ ಸಾಮಾನ್ಯ, ಹೆಚ್ಚಾಗಿ ಆಳು ಎಂದಾಯಿತು. ಮುಂದೆ ಆಳಿನ ಕೆಲಸಕ್ಕೆ ಬಂದ ಉಪಕರಣಗಳಿಗೂ ಆಳಿನ ಹೆಸರೇ ಅಂಟಿತು: ಒಡೆಯನ ಬೂಟು ಕಳಚುವ ಹಲಗೆ ಜಾಕ್, ಒಲೆಯ ಮುಂದೆ ಮಾಂಸದ ಸಲಾಕೆ ತಿರುಗಿಸುವ ಯಂತ್ರವೂ ಜಾಕ್. ಪಂಕ್ಚರ್ ಆದ ಕಾರನ್ನು ಎತ್ತಲು ನಮ್ಮ ಗ್ಯಾರೇಜಿನ ಹುಡುಗರು ಕೇಳುವ ಜಾಕ್ ಕೂಡ ಅದೇ ವಂಶದ್ದು. ಹಲಸಿನ ಹಣ್ಣಿನ ಇಂಗ್ಲಿಷ್ ಹೆಸರನ್ನೂ ನೀವು ಇದಕ್ಕೆ ಗಂಟು ಹಾಕಿದ್ದೀರಿ. ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಲ್ಲಿ ಜಾಕ ಆಗಿ ಇಂಗ್ಲಿಷಿಗೆ ಹೋಯಿತೇ ಹೊರತು ಆ ಹಣ್ಣಿಗೂ ಜಾನ್‌ಗೂ ಸಂಬಂಧವಿಲ್ಲ.

ನಿಮ್ಮ ಇಸ್ಪೀಟಿನ ಪ್ರಸಂಗದಲ್ಲಿ ಈ ಹೆಸರು ಇನ್ನೂ ಸೂಕ್ಷ್ಮವಾಗುತ್ತದೆ. ನಾವು ಗುಲಾಮ ಎನ್ನುವ ಎಲೆಯನ್ನು ಆ ಕಾಲದ ಕುಲೀನರು ನೇವ್ ಎನ್ನುತ್ತಿದ್ದರು; ಹುಡುಗ ಎಂಬ ಅರ್ಥದಿಂದ ಹೊರಟ ಆ ಪದ ಸೇವಕನಾಗಿ, ಕೊನೆಗೆ ಠಕ್ಕನಾಗಿ ಇಳಿದದ್ದು. ಜಾಕ್ ಎನ್ನುವುದು ಕೆಳವರ್ಗದ ಮಾತು. 1861ರಲ್ಲಿ ಮುಗಿದ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲಿ ಸಿರಿವಂತ ಮನೆಯ ಹುಡುಗಿ ಎಸ್ಟೆಲ್ಲಾ ಇಸ್ಪೀಟಾಡುತ್ತ ಬಡ ಪಿಪ್‌ನನ್ನು ಹಂಗಿಸುವುದು ಆ ಒಂದು ಪದಕ್ಕಾಗಿಯೇ. ಮುಂದೆ ಎಲೆಗಳ ಮೂಲೆಯಲ್ಲಿ ಅಕ್ಷರ ಮುದ್ರಿಸತೊಡಗಿದಾಗ ಇಂಗ್ಲಿಷಿನಲ್ಲಿ ಕೆಎನ್ ಅಕ್ಷರಗಳಿಂದ ಶುರುವಾಗುವ ನೇವ್‌ನ ‘ಕೆಎನ್’ ಗುರುತು ರಾಜನ, ಅಂದರೆ ಕಿಂಗ್‌ನ, ‘ಕೆ’ಯೊಡನೆ ಗೊಂದಲವಾಗತೊಡಗಿತು, ಅಲ್ಲಿಗೆ ಜಾಕ್ ಗೆದ್ದ.

ದೊಡ್ಡವರಿಗೆ ಆ ಹೆಸರು ಸಲ್ಲದೆಂದಲ್ಲ. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಮನೆಯವರಿಗೆ ಜಾಕ್ ಆಗಿದ್ದರು. ಆದರೆ ಅದು ಮನೆಯವರ ಸಲುಗೆ. ನಿಮ್ಮ ಯಜಮಾನನನ್ನು ಅವನ ತಾಯಿ ಜಾಕ್ ಎನ್ನಬಹುದು. ಕುದುರೆಲಾಯದ ಹುಡುಗ ಎದುರಿಗೆ ನಿಂತು ಹಾಗೆ ಕರೆದರೆ ಆ ಮನೆಯಲ್ಲಿ ಅವನಿಗೆ ಮರುದಿನ ಕೆಲಸವಿರುವುದಿಲ್ಲ.

ನನಗೆ ತೋಚುವುದಿಷ್ಟು: ಯಜಮಾನನಿಗೆ ಬೇರೆ ಹೆಸರಿಟ್ಟು ಆ ಹುಡುಗನಿಗೇ ಜಾಕ್ ಎಂದಿಡಿ. ಎಲೆಯನ್ನು ಯಜಮಾನ ನೇವ್ ಎನ್ನಲಿ, ಹುಡುಗ ತನ್ನದೇ ಹೆಸರಿನಿಂದ ಕರೆಯಲಿ. ಎರಡನ್ನೂ ಗುಲಾಮ ಎಂದು ಕನ್ನಡಿಸಿದರೆ ಅವರ ನಡುವಿನ ದೂರವೇ ಅಳಿಸಿಹೋಗುತ್ತದೆ; ನಿರೂಪಣೆಯಲ್ಲಿ ಎಲ್ಲಾದರೂ ಒಮ್ಮೆ ಮಾತ್ರ ಆ ಪದ ಬರಲಿ. ತಿದ್ದಿದ ಪ್ರತಿಯನ್ನು ದೀಪಾವಳಿಯೊಳಗೆ ಕಳುಹಿಸಿ.

ನಿಮ್ಮ ಹಿತೈಷಿ