ಮಗಳ ಕಾಲಿನ ಕಂಬಿ ತೆಗೆದರು, ನಿಮಗೆಲ್ಲ ನಮಸ್ಕಾರ

ಹೋದ ವಾರ ಹಾಸನದಲ್ಲಿ ಮಗಳ ತೊಡೆಮೂಳೆಯೊಳಗಿದ್ದ ಎರಡು ಟೈಟಾನಿಯಂ ಕಂಬಿಗಳನ್ನು ತೆಗೆದರು. ಆರಾಮಾಗಿ ಮನೆಗೆ ಬಂದಿದ್ದಾಳೆ. ವಿಚಾರಿಸಿದ ಎಲ್ಲರಿಗೂ ಫೋನ್ ಮಾಡಲು ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲಿ ಸೀಬೆಮರದಿಂದ ಬಿದ್ದಾಗ ಅವಳಿಗೆ 8 ವರ್ಷ. ಅಲ್ಲೇ ಕಾಫಿ ಕುಯ್ಯುತ್ತಿದ್ದ ಹೆಂಗಸರು ಓಡಿಬಂದರು. ಅವಳನ್ನು ಎಬ್ಬಿಸಿ ನಿಲ್ಲಿಸಲು ಹೋಗಲಿಲ್ಲ, ಕಾಲು ಎಳೆಯಲಿಲ್ಲ. ಅಡಿಕೆ ದಬ್ಬೆ ಇಟ್ಟು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅಲ್ಲಾಡದಂತೆ ಕಟ್ಟಿದರು. ಆ ಕೈಗಳಿಗೆ ನನ್ನ ಮೊದಲ ನಮಸ್ಕಾರ. ಭಾವ ಜೀಪನ್ನು ಹಾಸನದವರೆಗೂ ಎಷ್ಟು ನಿಧಾನವಾಗಿ ಓಡಿಸಿದರು ಅಂದರೆ, ಮಗು ದಾರಿಯಲ್ಲಿ ಒಮ್ಮೆಯೂ ಚೀರಲಿಲ್ಲ.

ಆಪರೇಷನ್ ಅಂದ ಕೂಡಲೇ ನಮ್ಮತ್ತೆ ಅತ್ತರು. ಬೆಳೆಯೋ ಮಗು, ಮೂಳೆಯೊಳಗೆ ಕಂಬಿ ಯಾಕೆ, ಪ್ಲಾಸ್ಟರ್ ಸಾಲದಾ ಅಂತ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. ಅತ್ತೆಯ ಪಕ್ಕದಲ್ಲೇ ಕೂತು ಎಕ್ಸ್‌ರೇ ತೋರಿಸಿದರು. ತೀರಾ ಚಿಕ್ಕ ಮಕ್ಕಳಿಗಾದರೆ ಪ್ಲಾಸ್ಟರೇ ಸಾಕಂತೆ. ಈ ವಯಸ್ಸಿಗೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರೆ ವಾರಗಟ್ಟಲೆ ಮಲಗೇ ಇರಬೇಕು. ಬಗ್ಗುವ ಕಂಬಿಯ ಈ ವಿಧಾನವನ್ನು ಫ್ರಾನ್ಸಿನ ನಾನ್ಸಿ ಊರಿನ ವೈದ್ಯರು ಬೆಳೆಸಿದರಂತೆ. ಮಂಡಿಯ ಸ್ವಲ್ಪ ಮೇಲೆ ಎರಡೂ ಬದಿಯಲ್ಲಿ ಸಣ್ಣದಾಗಿ ಕೊಯ್ದು, ಬಿಲ್ಲಿನ ಹಾಗೆ ಬಗ್ಗಿಸಿದ ಕಂಬಿಗಳನ್ನು ಮೂಳೆಯ ಟೊಳ್ಳಿನೊಳಗೆ ಮೇಲಕ್ಕೆ ತಳ್ಳುತ್ತಾರೆ. ಒಂದೊಂದೂ ಆ ಟೊಳ್ಳಿನ ಅತಿ ಕಿರಿದಾದ ಜಾಗದ ಸುಮಾರು ಶೇ 40ರಷ್ಟು ದಪ್ಪ. ಎರಡೂ ಎದುರು ಬದುರು ಒತ್ತಿ ಮೂಳೆಯನ್ನು ನೇರವಾಗಿ ಹಿಡಿದಿಡುತ್ತವೆ. ಮೂಳೆ ಉದ್ದಕ್ಕೆ ಬೆಳೆಯುವ ಜಾಗವನ್ನು ಮುಟ್ಟುವುದೇ ಇಲ್ಲ. ಕಂಬಿ ಬಗ್ಗುವುದರಿಂದ ಮುರಿದ ಜಾಗದಲ್ಲಿ ಸ್ವಲ್ಪ ಅಲುಗಾಟ ಇರುತ್ತದೆ, ಅದರಿಂದಲೇ ಹೊಸ ಮೂಳೆ ಬೇಗ ಬೆಳೆದು ಕೂಡಿಕೊಳ್ಳುತ್ತದೆ. ಇಷ್ಟನ್ನೂ ಕೇಳಿದ ಮೇಲೆ ಅತ್ತೆಯೇ, ಸರಿ, ಹಾಕಿಸಿ ಅಂದರು. ಚಿಕಿತ್ಸೆಯಷ್ಟೇ ದೊಡ್ಡ ಉಪಕಾರ ಅದು. ಆಮೇಲಿನ ತಿಂಗಳುಗಳಲ್ಲಿ ನಾವು ಧೈರ್ಯವಾಗಿದ್ದದ್ದು ಆ ಮಾತುಗಳಿಂದ.

ಕಂಬಿಯ ತುದಿ ಮಂಡಿ ಹತ್ತಿರ ಚರ್ಮಕ್ಕೆ ಚುಚ್ಚಿದ ಹಾಗಾಗಬಹುದು ಅಂತ ವಾರ್ಡಿನ ಸಿಸ್ಟರ್ ಮೊದಲೇ ಹೇಳಿದ್ದರು. ಹಾಗೇ ಆಯಿತು. ಗೊತ್ತಿದ್ದರಿಂದ ಗಾಬರಿಯಾಗಲಿಲ್ಲ. ಕೆಂಪಾದರೆ, ನೀರು ಸೋರಿದರೆ ಮಾತ್ರ ತಕ್ಷಣ ಬನ್ನಿ ಅಂದಿದ್ದರು, ಅದರ ಅಗತ್ಯ ಬರಲಿಲ್ಲ. ನಡೆಯಲು ಮತ್ತೆ ಕಲಿಸಿದ ಫಿಸಿಯೋಥೆರಪಿ ಮೇಡಂ ಅವಳ ಅಳುವಿಗೆ ಸೋಲಲಿಲ್ಲ, ಗದರಿಸಲೂ ಇಲ್ಲ. ಪ್ರತಿ ಶನಿವಾರ ಮನೆಗೇ ಬಂದು ಪಾಠ ಹೇಳಿಕೊಟ್ಟ ಮೇಷ್ಟ್ರಿಗೆ ಏನು ಕೊಟ್ಟರೂ ಕಡಿಮೆಯೇ, ಅಲ್ವಾ? ಕಾಫಿ ಕುಡಿದು ಹೋಗಿ ಅಂದರೂ ಬಸ್ಸಿಗೆ ಹೊತ್ತಾಯ್ತು ಅನ್ನುತ್ತಿದ್ದರು.

ಅವಳು ಬಳಸಿದ ಮಕ್ಕಳ ವಾಕರ್ ಚೆನ್ನಾಗಿದೆ. ಸಕಲೇಶಪುರ, ಬಾಳ್ಳುಪೇಟೆ ಕಡೆ ಯಾರ ಮನೆ ಮಗುವಿಗಾದರೂ ಬೇಕಿದ್ದರೆ ತಿಳಿಸಿ. ದುಡ್ಡು ಬೇಡ, ಭಾವ ತಂದುಕೊಡುತ್ತಾರೆ.