ಬಿಸಿಲಿಗೆ ಹೋಗದ್ದಕ್ಕೇ ಸಕ್ಕರೆ ಕಾಯಿಲೆ ಬಂತಾ ಅಂತ ಕೇಳಿದ್ದೀಯಲ್ಲ

ಪುಟ್ಟಿ,

ನಿನ್ನ ಮೇಲ್ ಮೂರು ಸಲ ಓದಿದೆ. ನಿಮ್ಮಮ್ಮನ ಮಂಡಿ ನೋವು, ಸೈಟಿನ ವಿಷಯ, ಅವೆಲ್ಲ ನಿನಗೂ ಗೊತ್ತು ನನಗೂ ಗೊತ್ತು, ಈಗ ಬೇಡ. ಕೊನೆಯಲ್ಲಿ ಅವಸರದಲ್ಲಿ ಒಂದು ಸಾಲು ಬರೆದಿದ್ದೀಯ ನೋಡು, ‘ವಿಟಮಿನ್ ಡಿ 9, ಎಚ್‌ಬಿಎ1ಸಿ 6.1. ಬಿಸಿಲಿಗೆ ಹೋಗದೆ ಈ ಕಾಯಿಲೆ ನಾನೇ ತಂದ್ಕೊಂಡ್ನಾ ದೊಡ್ಡಮ್ಮ?’ ಅಂತ. ಅದನ್ನು ಓದಿದ ಮೇಲೆ ರಾತ್ರಿ ಊಟ ಸೇರಲಿಲ್ಲ.

ಇಲ್ಲ ಕಣೇ. ನೀನು ತಂದುಕೊಂಡಿದ್ದಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಎಚ್‌ಬಿಎ1ಸಿ ಅಂದರೆ ಕಳೆದ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಹೇಗಿತ್ತು ಅಂತ ತೋರಿಸುವ ಪರೀಕ್ಷೆ, ಅದು 6.1 ಅಂದರೆ ಅದಿನ್ನೂ ಕಾಯಿಲೆಯೂ ಅಲ್ಲ. 5.7ರಿಂದ 6.4ರ ತನಕ ಇದ್ದರೆ ಸಕ್ಕರೆ ಬಾಗಿಲ ತನಕ ಬಂದಿದೆ ಅಂತ, 6.5 ಮುಟ್ಟಿದರೆ ಒಳಗೆ ಬಂತು ಅಂತ. ಬಾಗಿಲಿಂದಲೇ ಅದನ್ನು ವಾಪಸ್ ಕಳಿಸಿದವರನ್ನು ನಾನು ಬೇಕಾದಷ್ಟು ಜನ ನೋಡಿದ್ದೇನೆ.

ಬಿಸಿಲು ಅಂದಕೂಡಲೇ ನನಗೆ ನಿನ್ನ ದೊಡ್ಡಪ್ಪ ಕಣ್ಣ ಮುಂದೆ ಬರುತ್ತಾರೆ. ತಿಪಟೂರಿನ ಆ ಹೊಲಕ್ಕೆ ಬೆಳಿಗ್ಗೆ ಇಳಿದರೆ ಮಧ್ಯಾಹ್ನದ ಮುದ್ದೆ ಬುತ್ತಿಯೂ ಅಲ್ಲಿಗೇ ಹೋಗಬೇಕಿತ್ತು. ಬನಿಯನ್ ತೆಗೆದರೆ ಅದರ ಗುರುತಷ್ಟೇ ಬೆಳ್ಳಗೆ, ಮಿಕ್ಕ ಮೈಯೆಲ್ಲ ಕಂದಿ ಕರ್ರಗೆ. ಬಿಸಿಲಲ್ಲೇ ಬದುಕಿದ ಮನುಷ್ಯ. ಅವರಿಗೆ 44ಕ್ಕೇ ಸಕ್ಕರೆ ಕಾಯಿಲೆ ಬಂತು. ಒಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ನನಗೂ ಗೊತ್ತು. ಆದರೂ ‘ಬಿಸಿಲಿಗೆ ಹೋಗಿದ್ದರೆ ಬರುತ್ತಿರಲಿಲ್ಲ’ ಅಂತ ನಿನಗೆ ಅನ್ನಿಸಿದಾಗಲೆಲ್ಲ ಅವರನ್ನು ನೆನೆಸಿಕೋ. ಸಕ್ಕರೆಯಿಂದ ಅವರ ಕಾಲಿಗೆ ಆದದ್ದರ ಕಥೆ ಮತ್ತೆ ಬರೆಯುವುದಿಲ್ಲ, ಆಗ ಆಸ್ಪತ್ರೆಯಲ್ಲಿ ನೀನೂ ಇದ್ದೆ.

ಆ ಕಥೆಯ ಮೊದಲ ಭಾಗ ಮಾತ್ರ ನಿನಗೆ ಯಾವತ್ತೂ ಹೇಳಿಲ್ಲ. ನಾನು ಆಗ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಈಗಿನ ಹಾಗೆ ಬೆರಳು ಚುಚ್ಚಿ ನೋಡುವ ಮೀಟರ್ ಎಲ್ಲರ ಮನೆಯಲ್ಲಿ ಇರಲಿಲ್ಲ, ಮೂತ್ರದಲ್ಲೇ ನೋಡಬೇಕು. ಗಾಜಿನ ನಳಿಕೆಯಲ್ಲಿ 5 ಎಂಎಲ್ ಬೆನೆಡಿಕ್ಟ್ ದ್ರಾವಣ, ಅದಕ್ಕೆ 8 ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಸಕ್ಕರೆ ಜಾಸ್ತಿಯಾದ ಹಾಗೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಒಂದು ಬೇಸಿಗೆಯಲ್ಲಿ ನಿನ್ನ ದೊಡ್ಡಪ್ಪ ರಾತ್ರಿ ನಾಲ್ಕು ಸಲ ಎದ್ದು ಹೋಗುತ್ತಿದ್ದರು, ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು, ಬಚ್ಚಲ ಮೋರಿಯಲ್ಲಿ ಇರುವೆ ಸಾಲುಗಟ್ಟುತ್ತಿತ್ತು. ನಾನು ಅರಿಶಿನ ಚೆಲ್ಲಿ ಸುಮ್ನಾದೆ. ಬೇಸಿಗೆ ಅಲ್ವಾ, ಬಾಯಾರಿಕೆ ಆಗೇ ಆಗುತ್ತೆ ಅಂದುಕೊಂಡೆ. ಊರವರದ್ದೆಲ್ಲ ಪರೀಕ್ಷೆ ಮಾಡಿದವಳು ಮನೆಯವರದ್ದು ಮಾಡಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಔಷಧಿ ಬಾಟಲಿಯಲ್ಲಿ ತೆಗೆದುಕೊಂಡು ಹೋದೆ. ನಳಿಕೆ ದೀಪಕ್ಕೆ ಹಿಡಿದು ಇನ್ನೂ ನೆಟ್ಟಗೆ ಕುದಿ ಬಂದಿರಲಿಲ್ಲ, ಇಟ್ಟಿಗೆ ಕೆಂಪು.

ಆ ಬಣ್ಣ ಇಟ್ಟುಕೊಂಡು ಎಷ್ಟು ವರ್ಷ ನನ್ನನ್ನು ನಾನೇ ಬೈದುಕೊಂಡೆ ಅಂತ ಹೇಳಲಾರೆ. ಅವರಿಗೆ ಹತ್ತಿರ ಕೂತು ಅನ್ನ ಕಡಿಮೆ ಹಾಕಬೇಕಿದ್ದ ಹೊತ್ತಲ್ಲಿ, ಕಾಲು ತೊಳೆದು ಬೆರಳ ಸಂದಿ ನೋಡಬೇಕಿದ್ದ ಹೊತ್ತಲ್ಲಿ, ಮೂಲೆಯಲ್ಲಿ ಕೂತು ಅಳುತ್ತಿದ್ದೆ. ನೀನು ‘ನಾನೇ ತಂದ್ಕೊಂಡ್ನಾ’ ಅಂದಾಗ ನನಗೆ ಹೆದರಿಕೆಯಾಗಿದ್ದು ಇದಕ್ಕೇ.

ಬಿಸಿಲು ಬಿದ್ದರೆ ಮೈಯಲ್ಲಿ ಆಗುವ ಈ ವಿಟಮಿನ್ ಡಿಗೂ ಸಕ್ಕರೆಗೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳಲ್ಲಿ ಈ ಡಿ ಬಂದು ಕೂರುವ ಜಾಗ ಇದೆ. ಡಿ ಕಡಿಮೆ ಇರುವವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಕಾಣುತ್ತದೆ, ಅದೂ ನಿಜ. ಆದರೆ ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅನ್ನುವುದಕ್ಕಾಗುತ್ತಾ? ಇಡೀ ದಿನ ಕೂತು ಕೆಲಸ ಮಾಡುವವರು ಬಿಸಿಲನ್ನೂ ಕಾಣುವುದಿಲ್ಲ, ನಡೆಯುವುದೂ ಇಲ್ಲ. ಮೈಯಲ್ಲಿ ಕೊಬ್ಬು ಜಾಸ್ತಿಯಾದರೆ ಡಿ ಅದರೊಳಗೆ ಸೇರಿಕೊಂಡು ರಕ್ತದಲ್ಲಿ ಕಡಿಮೆ ತೋರಿಸುತ್ತದೆ, ಅದೇ ಕೊಬ್ಬು ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತದೆ.

ಹಾಗಾದರೆ ಕೊಟ್ಟೇ ನೋಡೋಣ ಅಂತ ಅಮೆರಿಕದಲ್ಲಿ ನಿನ್ನ ಹಾಗೆ ಅಂಚಿನಲ್ಲಿದ್ದ 2,423 ಜನರನ್ನು ಆರಿಸಿದರು. ಅರ್ಧ ಜನಕ್ಕೆ ದಿನಾ 4,000 ಯೂನಿಟ್ ಡಿ, ಅರ್ಧ ಜನಕ್ಕೆ ಏನೂ ಇಲ್ಲದ ಮಾತ್ರೆ. ಎರಡೂವರೆ ವರ್ಷ ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಡಿ ತೆಗೆದುಕೊಂಡವರಲ್ಲಿ 293 ಜನಕ್ಕೆ ಸಕ್ಕರೆ ಬಂತು, ತೆಗೆದುಕೊಳ್ಳದವರಲ್ಲಿ 323 ಜನಕ್ಕೆ. ಅಷ್ಟೇ ವ್ಯತ್ಯಾಸ. ಅಷ್ಟು ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು ಅಂದರು. ಆಮೇಲೆ ನಾರ್ವೆಯದ್ದು, ಜಪಾನಿನದ್ದು ಸೇರಿಸಿ 2023ರಲ್ಲಿ ಲೆಕ್ಕ ಹಾಕಿದಾಗ ಸ್ವಲ್ಪ ಲಾಭ ಕಂಡಿತು, ಮೂರು ವರ್ಷದಲ್ಲಿ 100 ಜನರಲ್ಲಿ ಸುಮಾರು ಮೂವರಿಗೆ ತಪ್ಪುವಷ್ಟು. ಒಂದು ಮಾತು ಮುಚ್ಚಿಡಬಾರದು. ಆ ಅಮೆರಿಕದವರಲ್ಲಿ ಹೆಚ್ಚಿನವರಿಗೆ ಮೊದಲೇ ಡಿ ಸಾಕಷ್ಟಿತ್ತು. ನಿನ್ನ ಹಾಗೆ 12ಕ್ಕಿಂತ ಕೆಳಗಿದ್ದವರನ್ನು ಮಾತ್ರ ನೋಡಿದರೆ ಲಾಭ ಇನ್ನೂ ಜಾಸ್ತಿ ಕಂಡಿತ್ತು, ಆದರೆ ಅಂಥವರು ಇದ್ದದ್ದೇ ನೂರು ಚಿಲ್ಲರೆ ಜನ, ಅಷ್ಟರ ಮೇಲೆ ಗಟ್ಟಿಯಾಗಿ ಹೇಳುವುದಕ್ಕೆ ಬರುವುದಿಲ್ಲ.

ಅಂದರೆ ಏನಾಯಿತು? ಡಿ ತೆಗೆದುಕೋ, ನಿನ್ನ ಮೂಳೆಗೆ ಅದು ಬೇಕೇ ಬೇಕು, 9 ತೀರಾ ಕಡಿಮೆ. ಆದರೆ ಡಿ ಒಂದರಿಂದಲೇ ಸಕ್ಕರೆ ಬಂತು ಅಂತಲೂ ಇಲ್ಲ, ಡಿ ಒಂದರಿಂದಲೇ ಹೋಗುತ್ತೆ ಅಂತಲೂ ಇಲ್ಲ. ನಮ್ಮಮ್ಮನಿಗೆ ಇತ್ತು, ನನಗಿದೆ, ನಿಮ್ಮಮ್ಮನಿಗೂ ಇದೆ. ನಿನ್ನ ಪಾಲಿಗೆ ಬಂದಿದ್ದರಲ್ಲಿ ಅದೂ ಒಂದು. ನಮ್ಮ ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಇದೆ, 13 ಕೋಟಿಗೂ ಜಾಸ್ತಿ ಜನ ಅಂಚಿನಲ್ಲಿದ್ದಾರೆ ಅಂತ 2023ರಲ್ಲಿ ಲೆಕ್ಕ ಕೊಟ್ಟರು. ಅಷ್ಟೂ ಜನ ತಾವೇ ತಂದುಕೊಂಡರಾ?

ಇನ್ನು ಬಿಸಿಲಿಗೆ ಹೋಗದ ವಿಷಯ. ಇದನ್ನು ಬರೆಯುವುದಕ್ಕೆ ನನಗೆ ಕಷ್ಟ. ನಿನಗೆ ಬಿಸಿಲು ತಪ್ಪಿಸಿದ್ದು ನಾನೇ ಅಲ್ವಾ? ರಜೆಗೆ ಬಂದಾಗ ಮಾಳಿಗೆ ಮೇಲೆ ಹಪ್ಪಳ ಒಣಹಾಕುತ್ತಿದ್ದೆವು, ಕೋಲು ಹಿಡಿದು ಕಾಗೆ ಓಡಿಸುವ ಕೆಲಸ ನಿನಗೆ ಎಷ್ಟು ಇಷ್ಟ. ಹತ್ತು ನಿಮಿಷಕ್ಕೊಂದು ಸಲ ನಾನು ಮೆಟ್ಟಿಲ ಕೆಳಗೆ ನಿಂತು ‘ಕಪ್ಪಗಾಗ್ತೀಯ ಕಣೇ, ಇಳಿದು ಬಾ’ ಅಂತ ಕೂಗುತ್ತಿದ್ದೆ. ಹುಡುಗರನ್ನು ಒಂದು ದಿನವೂ ಕರೆಯಲಿಲ್ಲ. ಸಂಜೆ ಕಡಲೆಹಿಟ್ಟು ಹಚ್ಚಿ ನಿನ್ನ ಮುಖ ಉಜ್ಜುತ್ತಿದ್ದೆ, ಉರಿ ಅಂತ ಅಳುತ್ತಿದ್ದೆ ನೀನು. ಆಮೇಲೆ ನೀನೇ ಛತ್ರಿ ಇಲ್ಲದೆ ಹೊರಗೆ ಕಾಲಿಡದ ಹಾಗಾದೆ. ಅದು ನಾನು ಕಲಿಸಿದ ಭಯ. ನಾಚಿಕೆಯಾಗುತ್ತದೆ. ಆದ್ದರಿಂದ ಆ ಸಾಲಿನಲ್ಲಿ ‘ನಾನೇ’ ಅಂತ ನೀನು ಬರೆದಿದ್ದು ಹೇಗೆ ನೋಡಿದರೂ ಸರಿಯಲ್ಲ.

ನೀನು ಕೇಳದೆ ಇದ್ದರೂ ಎರಡು ಮಾತು ಹೇಳುತ್ತೇನೆ, ಬೇಡದಿದ್ದರೆ ಬಿಡು. ಆಫೀಸಿನಲ್ಲಿ ಕಿಟಕಿ ಪಕ್ಕಕ್ಕೆ ಸೀಟು ಬದಲಾಯಿಸಿಕೊಂಡೆ ಅಂದಿದ್ದೀಯ, ಗಾಜಿನ ಮೂಲಕ ಬರುವ ಬಿಸಿಲಿನಿಂದ ಡಿ ಆಗುವುದಿಲ್ಲ ಮಗಳೇ. ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಬೆಳಗಿನ ಎಳೆ ಬಿಸಿಲಲ್ಲೂ ಅದು ಕಡಿಮೆ. ನಿನ್ನ ನೆರಳು ನಿನಗಿಂತ ಗಿಡ್ಡ ಇರುವ ಹೊತ್ತಲ್ಲಿ, ಹನ್ನೊಂದರಿಂದ ಎರಡರ ಒಳಗೆ, ತೋಳು ಬಿಟ್ಟುಕೊಂಡು ಸ್ವಲ್ಪ ಹೊತ್ತು ಹೊರಗಿರು. ನಮ್ಮ ಮೈಬಣ್ಣಕ್ಕೆ ಬಿಳಿಯರಿಗಿಂತ ಜಾಸ್ತಿ ಹೊತ್ತು ಬೇಕು. ಊಟ ಆದ ಮೇಲೆ ನಡೆಯುವುದನ್ನೂ ಅದೇ ಹೊತ್ತಿಗೆ ಇಟ್ಟುಕೊಂಡರೆ ಎರಡೂ ಆಯಿತು. ನಡಿಗೆ ಮಾತ್ರ ಬಿಡಬೇಡ. ಚೆನ್ನೈನವರು ಅಂಚಿನಲ್ಲಿದ್ದ ನಮ್ಮ ಜನರ ಮೇಲೇ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಮ್ನೆ ಬಿಟ್ಟವರಲ್ಲಿ ಮೂರು ವರ್ಷಕ್ಕೆ 100ಕ್ಕೆ 55 ಜನಕ್ಕೆ ಸಕ್ಕರೆ ಬಂತು, ಊಟ ತಿದ್ದಿಕೊಂಡು ನಡೆದವರಲ್ಲಿ 39. ಡಿಗಿಂತ ಇದು ಎಷ್ಟೋ ದೊಡ್ಡ ಲಾಭ. ತೂಕದ ಮಾತು ಆಡಿದರೆ ನಿನಗೆ ಬೇಜಾರಾಗುತ್ತದೆ ಅಂತ ಗೊತ್ತು, ಅದಕ್ಕೇ ಅದನ್ನು ಬರೆಯುವುದಿಲ್ಲ.

ಇನ್ನೊಂದು, ಲ್ಯಾಬಿನವಳಾಗಿ. ನಿನಗೆ ಯಾವಾಗಲೂ ರಕ್ತ ಕಡಿಮೆ. ಕಬ್ಬಿಣಾಂಶ ಕಡಿಮೆ ಇದ್ದರೆ ಈ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದುಂಟು. ಹಿಮೋಗ್ಲೋಬಿನ್ ನೋಡಿಸು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ ಸಕ್ಕರೆಯನ್ನೂ ನೋಡಿಸು, ಡಾಕ್ಟರಿಗೆ ಕೇಳಿಯೇ ಮಾಡಿಸು.

ಯುಗಾದಿಗೆ ಬಾ. ಈ ವರ್ಷವೂ ಹಪ್ಪಳ ಹಾಕುತ್ತೇನೆ, ಕೋಲು ಅಲ್ಲೇ ಇದೆ.

ನಿನ್ನ ದೊಡ್ಡಮ್ಮ

ಮುಖ್ಯವಾದದ್ದೇ ಮರೆತಿದ್ದೆ. ಡಾಕ್ಟರ್ ಕೊಟ್ಟ 60,000 ಯೂನಿಟ್ಟಿನ ಪುಡಿ ಪ್ಯಾಕೆಟ್ ವಾರಕ್ಕೆ ಒಂದು ಅಂತ ತಾನೇ ಹೇಳಿದ್ದು? ಹೆದರಿಕೆಯಲ್ಲಿ ದಿನಾ ತೆಗೆದುಕೊಳ್ಳುತ್ತಿಲ್ಲ ತಾನೇ? ಕೆಲವರು ಹಾಗೆ ಮಾಡಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿಯಾಗಿ, ಕಿಡ್ನಿಗೆ ತೊಂದರೆ ಮಾಡಿಕೊಂಡಿದ್ದಾರೆ. ಊಟ ಆದ ಮೇಲೆ ಹಾಲಿನಲ್ಲಿ ಕಲಸಿ ಕುಡಿ, ಕುಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಇದಕ್ಕೆ ಮಾತ್ರ ಇವತ್ತೇ ಉತ್ತರ ಬರಿ.