ಗೆಳೆಯನಿಗೊಂದು ಪತ್ರ: ಬಿದ್ದ ಮರದ ಗಿರಾಕಿಯಿಂದ

ಲೋ ಶೀನ,

ಎಷ್ಟೋ ವರ್ಷದಿಂದ ನಿನಗೆ ಪತ್ರ ಬರೆದಿಲ್ಲ. ಈಗ ಬರೆಯುವಾಗಲೂ ಊರೆಲ್ಲ ಓದಲಿ ಎಂದು ಇಲ್ಲಿ ಹಾಕುತ್ತಿದ್ದೇನೆ, ಬೈಯಬೇಡ. ಉಳಿದವರಿಗೆ ತಿಳಿಯಬೇಕಾದ್ದು ಇಷ್ಟೇ: ಶೀನ ನನಗೆ ಸೈಕಲ್ ಕಲಿಸಿದವನು. ಆ ಸೈಕಲ್ ಆಮೇಲೆ ಏನಾಯಿತು ಎಂಬುದನ್ನು ನಾವಿಬ್ಬರೂ ಯಾರಿಗೂ ಹೇಳುವುದಿಲ್ಲ.

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ‘ಬಟ್ಟಲು ಕಡೆಯೋಕೆ ಅಷ್ಟೊಂದು ಮರ ಎಲ್ಲಿಂದ ತರ್ತೀಯೋ’ ಅಂತ. ಆಗ ಏನೋ ತಮಾಷೆ ಮಾಡಿ ಜಾರಿಕೊಂಡೆ. ಈಗ ಹೇಳುತ್ತೇನೆ ಕೇಳು.

ನಾನಿರುವ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯ ಹಳೆಯ ಅಕ್ರೋಟು (ವಾಲ್‌ನಟ್) ತೋಟಗಳಲ್ಲಿ ಒಂದು ಮರ ಅಂದರೆ ಎರಡು ಮರ. ಬೇರು, ಬುಡ ಇಲ್ಲಿನ ಕಾಡುಜಾತಿ, ಕಪ್ಪು ವಾಲ್‌ನಟ್. ಅದರ ಕಾಯಿ ಒಡೆಯಲು ಸುತ್ತಿಗೆ ಬೇಕು. ಮೇಲೆ ಕಸಿ ಕಟ್ಟಿದ್ದು ನೀನು ದೀಪಾವಳಿ ಡಬ್ಬದಲ್ಲಿ ತಿನ್ನುವ ತೆಳು ಚಿಪ್ಪಿನ ಜಾತಿ. ಎರಡೂ ಕೂಡಿದ ಕಡೆ ತೊಗಟೆಯಲ್ಲೇ ಗೆರೆ ಕಾಣುತ್ತದೆ. ಕೆಳಗೆ ಒರಟು ಕಪ್ಪು, ಮೇಲೆ ನುಣ್ಣನೆ ಬೂದು. (ಕಸಿ ಅಂದ ಕೂಡಲೇ ‘ಬಂತು ನೋಡು, ಅಮೆರಿಕ ಕನ್ನಡಿಗನ ಉಪಮೆ’ ಎಂದು ನಗಬೇಡ. ಬರೆಯುವುದಿಲ್ಲ, ಆಣೆ.) ಆ ಕೂಡುಗೆರೆಗೇ ಒಂದು ವೈರಸ್ ರೋಗ ತಗುಲುತ್ತದೆ. ಮೇಲಿನ ಮರ ಅದನ್ನು ತಾಳಿಕೊಳ್ಳುತ್ತದೆ. ಕೆಳಗಿನ ಬುಡ ತಾಳುವುದಿಲ್ಲ, ಗೆರೆಯ ಹತ್ತಿರದ ತನ್ನ ಜೀವಕೋಶಗಳನ್ನೇ ಕೊಂದುಕೊಳ್ಳುತ್ತದೆ. ಸುತ್ತ ಕಪ್ಪು ಪಟ್ಟಿ ಮೂಡಿ, ಮರ ನಿಂತಲ್ಲೇ ಒಣಗುತ್ತದೆ. ರೋಗವಿಲ್ಲದಿದ್ದರೂ ಇಳುವರಿ ಇಳಿದರೆ ತೋಟ ಕೀಳುತ್ತಾರೆ. 2022ರ ಫಸಲಿಗೆ ಬೆಲೆ ಬಿದ್ದ ಮೇಲಂತೂ ಎಷ್ಟೋ ತೋಟಗಳನ್ನು ಬುಡಸಮೇತ ಎಬ್ಬಿಸಿದರು. ಸೌದೆಯಾಗಬೇಕಾದ ಆ ಬುಡಗಳೇ ನನ್ನ ಬಂಡವಾಳ.

ಬುಡ ಬಿಟ್ಟರೆ ಕವಲು. ಎರಡು ಕೊಂಬೆ ಒಡೆಯುವ ಜಾಗವನ್ನು ಸರಿಯಾಗಿ ನಡುವೆ ಸೀಳಿದರೆ ಒಳಗೆ ನವಿಲುಗರಿ ಬಿಡಿಸಿಟ್ಟ ಹಾಗಿರುತ್ತದೆ. ಎರಡೂ ಕಡೆಯ ಎಳೆಗಳು ಜಾಗಕ್ಕಾಗಿ ಒತ್ತಾಡಿ, ಮಡಿಚಿಕೊಂಡು ಆದ ಚಿತ್ತಾರ ಅದು. ನಮ್ಮ ಚನ್ನಪಟ್ಟಣದವರು ನೋಡಿದರೆ ನಗುತ್ತಾರೆ. ಅವರ ಆಲೆ ಮರ ಬೆಳ್ಳಗೆ, ಮೆತ್ತಗೆ, ಯಾವ ಗೆರೆಯ ಗಲಾಟೆಯೂ ಇಲ್ಲದ್ದು. ಲೇತಿನಲ್ಲಿ ತಿರುಗುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ, ಮರ ಮರೆಯಾಗುತ್ತದೆ. ನಾವು ಇಲ್ಲಿ ಗೆರೆಗಾಗಿ ಸಾಯುತ್ತೇವೆ.

ಕಡೆಯುವುದು ಹಸಿ ಇರುವಾಗಲೇ. 12 ಇಂಚಿನ ಬಟ್ಟಲಾದರೆ ಗೋಡೆಯನ್ನು ಒಂದು ಇಂಚಿಗಿಂತ ತುಸು ದಪ್ಪ ಬಿಡಬೇಕು. ಮೇಣ ಬಳಿದು, ಕಾಗದದ ಚೀಲಕ್ಕೆ ಹಾಕಿ, ಆರು ತಿಂಗಳೋ ವರ್ಷವೋ ಮರೆತುಬಿಡಬೇಕು. ಅಷ್ಟರಲ್ಲಿ ಅದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಯಾಕೆಂದರೆ ಮರ ಉಂಗುರದ ಗುಂಟ ಜಾಸ್ತಿ ಕುಗ್ಗುತ್ತದೆ, ಅಡ್ಡಕ್ಕೆ ಅದಕ್ಕಿಂತ ಕಡಿಮೆ. ಮತ್ತೆ ಲೇತಿಗೇರಿಸಿ ದುಂಡಗೆ ಮಾಡಬೇಕು. ಕಪ್ಪು ವಾಲ್‌ನಟ್‌ನ ಹೊಟ್ಟನ್ನು ಟೊಮೇಟೊ ಪಾತಿಗೆ ಹಾಕುವ ಹಾಗಿಲ್ಲ, ಗಿಡ ಬಾಡುತ್ತದೆ. ಕುದುರೆಯ ಕೆಳಗೆ ಹಾಸುವ ಹಾಗಿಲ್ಲ, ಗೊರಸಿಗೆ ಕಾಯಿಲೆ. ನನಗೆ ಮಾತ್ರ ಏನೂ ಆಗುವುದಿಲ್ಲ, ಮಾಸ್ಕ್ ಮರೆತ ದಿನ ರಾತ್ರಿಯೆಲ್ಲ ಸೀನುವುದು ಬಿಟ್ಟರೆ.

ಬಂದವರಿಗೆಲ್ಲ ಬಟ್ಟಲು ತೋರಿಸಿ ನಾನು ಹೇಳುವ ಮಾತು ಒಂದೇ: ‘ನಾನು ಮರ ಕಡಿಸುವುದಿಲ್ಲ, ಬಿದ್ದದ್ದನ್ನಷ್ಟೇ ತರುತ್ತೇನೆ.’ ಎಂಥ ಸಂಭಾವಿತ ಮಾತು! ಕೇಳಿದವರ ಮುಖ ಮೆತ್ತಗಾಗುತ್ತದೆ. ಆದರೆ 2023ರ ಜನವರಿಯ ಬಿರುಗಾಳಿಗೆ ಈ ಊರಲ್ಲಿ ನೂರಾರು ಮರ ಉರುಳಿದ ರಾತ್ರಿ, ಕರೆಂಟ್ ಹೋಗಿ ಮನೆಯವರೆಲ್ಲ ಮೇಣದಬತ್ತಿ ಹುಡುಕುತ್ತಿದ್ದರೆ, ನಾನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಗರಗಸದ ಚೈನಿಗೆ ಅರ ಹಾಕುತ್ತಿದ್ದೆ. ಖುಷಿಯಿಂದ.

ನಮ್ಮ ಬೀದಿಯ ಕೊನೆಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಅವರ ಅಂಗಳದಲ್ಲಿ ಒಂದು ಕಪ್ಪು ವಾಲ್‌ನಟ್, ಎದೆಯ ಎತ್ತರದಲ್ಲೇ ಕವಲು, ಇಬ್ಬರು ತಬ್ಬಿದರೂ ಸಾಲದು. ಅವರಿಗೆ ಹುಷಾರಿಲ್ಲ ಎಂದು ಕೇಳಿ ಸಾರು-ಅನ್ನ ಒಯ್ದಿದ್ದೆ. ಅವರು ಮಕ್ಕಳ ವಿಷಯ ಹೇಳುತ್ತಿದ್ದರು, ಮನೆ ಮಾರುವ ಯೋಚನೆ ಮಕ್ಕಳದು ಎಂದರು. ನಾನು ತಲೆಯಾಡಿಸುತ್ತ ಕಿಟಕಿಯಾಚೆ ನೋಡುತ್ತಿದ್ದೆ. ಆ ಕವಲಿನಲ್ಲಿ ಎಷ್ಟು ಬಟ್ಟಲು ಕೂರುತ್ತವೆ ಎಂಬ ಲೆಕ್ಕ ಆಗಲೇ ಮುಗಿದಿತ್ತು. ಮನೆ ಕೊಂಡವರು ಮರ ತೆಗೆಸುತ್ತಾರೆ ಎಂಬುದೂ ಆ ಲೆಕ್ಕದಲ್ಲಿ ಸೇರಿತ್ತು.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಇದೂ ಇದೆ. ಈ ಮಳೆಗಾಲದಲ್ಲಿ ಅಪ್ಪ ಫೋನ್ ಮಾಡಿ, ಹಿತ್ತಲ ಹಲಸಿನ ದೊಡ್ಡ ಕೊಂಬೆ ಗಾಳಿಗೆ ಸೀಳಿ ಬಿತ್ತು ಎಂದರು. ನಾವು ಪರೀಕ್ಷೆಗೆ ಓದುತ್ತೇವೆಂದು ಹೋಗಿ ಹತ್ತಿ ಕೂರುತ್ತಿದ್ದೆವಲ್ಲ, ಅದೇ. ‘ಕವಲಿನ ಹತ್ತಿರ ಸೀಳಿದೆಯಾ? ಯಾರಿಗೂ ಕೊಡಬೇಡಿ, ಮಳೆಗೆ ನೆನೆಯೋಕೆ ಬಿಡಬೇಡಿ’ ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಬಿದ್ದದ್ದು ಕೊಟ್ಟಿಗೆ ಮೇಲೆ ಕಣೋ. ನಾನು ಹಾಲು ಕರೆದು ಆಗಷ್ಟೇ ಹೊರಗೆ ಬಂದಿದ್ದೆ’ ಎಂದರು.

ಕೇಳಬೇಕಾದ್ದನ್ನೆಲ್ಲ ಆಮೇಲೆ ಕೇಳಿದೆ. ಹಸುವಿಗೆ ಏನೂ ಆಗಿಲ್ಲ, ಎರಡು ಹೆಂಚಿನ ಸಾಲು ಹೋಗಿದೆ ಅಷ್ಟೇ. ಆದರೆ ಮೊದಲು ಬಾಯಿಗೆ ಬಂದದ್ದು ಕವಲು, ಶೀನ. ಅವತ್ತಿನಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ, ಮಾತು ಮುಗಿಯುವ ಮೊದಲು, ‘ಕೊಂಬೆಯನ್ನು ಕೊಟ್ಟಿಗೆ ಪಕ್ಕ ಒಣಗಿಸಿಟ್ಟಿದ್ದೀನಿ’ ಎಂದು ಹೇಳುತ್ತಾರೆ. ನಾನು ಕೇಳದಿದ್ದರೂ.

ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಈಗ ಅವಳೂ ಇಲ್ಲೇ ಓದುತ್ತಾಳೆ, ಸಂಜೆ ಮನೆಯಲ್ಲಿ ವಿಚಾರಣೆ ಗ್ಯಾರಂಟಿ. ಹೇಗೂ ಅವಳ ಪ್ರಕಾರ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗಿಂತ ಬಟ್ಟಲು ಜಾಸ್ತಿ. ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ, ಚೀಲಗಳಿಗಿದೆ.

ಅದಕ್ಕೇ ಒಂದನ್ನು ನಿನ್ನ ತಲೆಗೆ ಕಟ್ಟುತ್ತಿದ್ದೇನೆ. ಬಿಸಿ ಸಾಂಬಾರು ಹಾಕಬೇಡ, ನೆನೆಸಿಡಬೇಡ, ಬಿಸಿಲಿಗಿಡಬೇಡ. ಬಿಸಿಲಿಗೆ ವಾಲ್‌ನಟ್ ಬಣ್ಣ ಪೇಲವವಾಗುತ್ತದೆ. ಹಾಗಾದರೆ ಏನು ಹಾಕಲಿ ಎಂದು ನೀನು ಕೇಳುತ್ತೀಯ, ಗೊತ್ತು. ಮೇಷ್ಟ್ರ ಕೊಡೆ ಹಾಕು (ಅದರ ಕಥೆಯನ್ನೂ ನಾವಿಬ್ಬರೂ ಯಾರಿಗೂ ಹೇಳುವುದಿಲ್ಲ). ಪಿನ್‌ಕೋಡ್ ಕಳಿಸು. ಹೋದ ಸಲದ ಹಾಗೆ ನಿನ್ನ ಮಾವನ ಮನೆಯದ್ದು ಕೊಡಬೇಡ.

ನಿನ್ನ,
ಬಡಗಿ (ನೀನು ಇಟ್ಟ ಇನ್ನೊಂದು ಹೆಸರನ್ನು ಇಲ್ಲಿ ಹಾಕುವುದಿಲ್ಲ)